ಗಾಳಿ ತುಂಬುವ ಹೊತ್ತು

ಮ್ಯಾನೇಜರ ಹೊಸ ಕೋಣೆಗೆ ಹೊಗೆ ಬರುತ್ತದೆಂದು ಡಿಪೋದ ಬಸ್ಸುಗಳನ್ನೆಲ್ಲ ತಿರುಗಿಸಿ ನಿಲ್ಲಿಸಿದರು. ಅಲ್ಲಿಯವರೆಗೆ ಅವುಗಳ ಮೂತಿ ನೌಕರರ ಕ್ವಾರ್ಟರ್ಸಿನ ಕಡೆಗಿತ್ತು, ಬಾಲ ಖಾಲಿ ಬಯಲಿನ ಕಡೆಗೆ. ಬಯಲಿನಲ್ಲಿ ಕೋಣೆ ಎದ್ದಿತು. ಅಂದಿನಿಂದ ಮೂತಿ ಕೋಣೆಯ ಕಡೆಗಾಯಿತು, ಬಾಲ ಕ್ವಾರ್ಟರ್ಸಿನ ಕಡೆಗೆ. ಕ್ವಾರ್ಟರ್ಸಿನಲ್ಲಿ ಮಕ್ಕಳಿದ್ದರು.

ತಿರುಗಿಸಿ ನಿಲ್ಲಿಸಿದವನು ಹುಂಜ. ಅವತ್ತು ರಜೆ, ಗಾಡಿಗಳು ಬಹುಪಾಲು ಒಳಗೇ ಇದ್ದವು. ಒಂದೊಂದನ್ನೇ ಹೊರಗೆ ತೆಗೆದು, ಕನ್ನಡಿಯಲ್ಲಿ ಗೋಡೆಯನ್ನು ನೋಡುತ್ತ ಹಿಂದಕ್ಕೆ ಬಿಟ್ಟು, ಗೋಡೆಗೂ ಬಂಪರಿಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ತೂರುವಷ್ಟೇ ಜಾಗ ಉಳಿಸಿ ಸಾಲು ಹಿಡಿಸಿದ. ಸಂಜೆ ಮ್ಯಾನೇಜರ್ ಸಾಹೇಬರು ಹೊಸ ಗಾಜಿನ ಹಿಂದೆ ನಿಂತು ನೋಡಿ ತಲೆಯಾಡಿಸಿದರು. ಹುಂಜನಿಗೆ ಎದೆ ಉಬ್ಬಿತು. ಮನೆಗೆ ಹೋಗಿ ಹೆಂಡತಿಯ ಮುಂದೆ ಹೇಳಿಕೊಂಡ: "ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿದೆ, ಬೇಕಾದ್ರೆ ಕಿಟಕಿ ತೆಗೆದು ನೋಡೇ." ಅವಳು ಕಿಟಕಿ ತೆಗೆದು ನೋಡಿದಳು. ಮಗಳನ್ನೂ ಎತ್ತಿ ತೋರಿಸಿದಳು.

ಹುಂಜ ಅವನ ಹೆಸರಲ್ಲ. ಆದರೆ ಸಂಬಳದ ದಿನ ಬಿಟ್ಟರೆ ಅವನಿಗೆ ಬೇರೆ ಹೆಸರಿದೆ ಎನ್ನುವುದು ಯಾರಿಗೂ ನೆನಪಿರುತ್ತಿರಲಿಲ್ಲ. ಊರು ಕಣ್ಣು ಬಿಡುವ ಮುಂಚೆ ಬಂದು ಬಸ್ಸುಗಳನ್ನು ಎಬ್ಬಿಸುವವನು, ಅದಕ್ಕೇ ಹುಂಜ. ಎಬ್ಬಿಸುವುದೆಂದರೆ ಡಿಪೋದ ಮಾತಿನಲ್ಲಿ ಇಂಜಿನ್ ಸ್ಟಾರ್ಟ್ ಮಾಡಿ ಗಾಳಿ ತುಂಬಿಸುವುದು. ಬಸ್ಸಿನ ಬ್ರೇಕು ನಡೆಯುವುದೇ ಗಾಳಿಯಿಂದ. ಗಾಳಿಯ ಟ್ಯಾಂಕು ಬರಿದಾದರೆ ಬ್ರೇಕು ಚಕ್ರವನ್ನು ಕಚ್ಚಿ ಹಿಡಿಯುತ್ತದೆ, ಆನೆ ಕಟ್ಟಿ ಎಳೆದರೂ ಗಾಡಿ ಜಗ್ಗುವುದಿಲ್ಲ. ಇಂಜಿನ್ ಓಡುತ್ತ ಓಡುತ್ತ ಟ್ಯಾಂಕು ತುಂಬಬೇಕು, ಸ್ಟೇರಿಂಗಿನ ಮುಂದಿರುವ ಗೇಜಿನ ಮುಳ್ಳು ಕೆಂಪು ದಾಟಿ ಹಸಿರಿಗೆ ಬರಬೇಕು. ಆಗ ಗುಂಡಿ ಒತ್ತಿದರೆ 'ಟುಸ್' ಅಂತ ಒಂದು ಸದ್ದು. ಬ್ರೇಕು ಬಿಟ್ಟಿತು, ಇನ್ನು ಹೊರಡಬಹುದು. ಹೊಸ ಗಾಡಿಯಾದರೆ ಡ್ರೈವರ್ ಟೀ ಕುಡಿದು ಲೋಟ ಇಡುವಷ್ಟರಲ್ಲಿ ತುಂಬುತ್ತದೆ. ಈ ಡಿಪೋದ ಗಾಡಿಗಳು ಹಾಗಲ್ಲ. ಪೈಪುಗಳು ಸವೆದು, ರಾತ್ರಿಯೆಲ್ಲ ಸೋರಿ, ಬೆಳಗಾಗುವಷ್ಟರಲ್ಲಿ ಒಂದರಲ್ಲೂ ಗುಟುಕು ಗಾಳಿ ಉಳಿದಿರುತ್ತಿರಲಿಲ್ಲ. ಆದ್ದರಿಂದ ಎಲ್ಲವನ್ನೂ ಕತ್ತಲಿರುವಾಗಲೇ ಎಬ್ಬಿಸಿ, ಗುರುಗುಟ್ಟಲು ಬಿಟ್ಟು, ಡ್ರೈವರುಗಳು ಬರುವ ಹೊತ್ತಿಗೆ ತಯಾರು ಮಾಡಿಡಬೇಕು. ಹೊಸ ಪೈಪು ಕೇಳಿದಾಗಲೆಲ್ಲ ಬರುತ್ತೆ ಬರುತ್ತೆ ಅನ್ನುತ್ತಿದ್ದರು. ಬಂದದ್ದು ಕೋಣೆಗೆ ಗಾಜು.

ಎಲ್ಲಕ್ಕಿಂತ ಹೆಚ್ಚು ಸೋರುವ ಗಾಡಿಗೆ ಮುದುಕ ಎಂದು ಹೆಸರು. ಮುದುಕನಿಗೆ ಗಾಳಿ ತುಂಬಲು ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಕು, ಹಾಗಾಗಿ ಅದನ್ನೇ ಮೊದಲು ಎಬ್ಬಿಸಬೇಕು. ಕ್ವಾರ್ಟರ್ಸಿನಿಂದ ಡಿಪೋಗೆ ಬರಲು ಗೋಡೆಯಲ್ಲಿ ಒಂದು ಚಿಕ್ಕ ಬಾಗಿಲಿತ್ತು. ಬಾಗಿಲು ದಾಟಿದೊಡನೆ ಕೈಗೆ ಸಿಗಲಿ ಎಂದು ಹುಂಜ ಮುದುಕನನ್ನು ಅದರ ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದ. ಆ ಬಾಗಿಲಿನ ನೆತ್ತಿಗೆ, ಮೊದಲ ಮಹಡಿಯಲ್ಲಿ, ಅವನ ಮನೆಯ ಕಿಟಕಿ.

ಆ ಕಿಟಕಿಯ ಒಡತಿ ಅವನ ಮಗಳು. ಅವಳಿಗೂ ಡಿಪೋದವರೇ ಹೆಸರಿಟ್ಟಿದ್ದರು. ಹುಟ್ಟಿದ ವಾರ ಅವಳು ಅತ್ತ ಸದ್ದಿಗೆ ಆಚೆ ಗೇಟಿನ ಕಾವಲುಗಾರ ನಿದ್ದೆಯಿಂದ ಎದ್ದು ಕೂತು ಸಲಾಮು ಹೊಡೆದನಂತೆ. ಡಿಪೋದ ಹಿರಿಯ ಡ್ರೈವರ್, ಎಲ್ಲರಿಗೂ ಅವನು ಮಾಮ, ಕೂಸನ್ನು ನೋಡಲು ಬಂದವನು ಎರಡೂ ಕಿವಿ ಮುಚ್ಚಿಕೊಂಡು, "ಏನಯ್ಯಾ ಹುಂಜ, ಮಗು ಕೊಡು ಅಂದ್ರೆ ದೇವ್ರು ನಿನಗೆ ಹಾರ್ನ್ ಕೊಟ್ಟಿದ್ದಾನಲ್ಲ" ಎಂದ. ಹಾರ್ನ್ ಎನ್ನುವ ಹೆಸರೇ ಉಳಿಯಿತು. ಆರು ತುಂಬಿದ ಮೇಲೂ ಗಂಟಲು ತಗ್ಗಿರಲಿಲ್ಲ. ಮೇಲಿನಿಂದ ಅವಳು "ಮಾಮಾ, ಟೋಪಿ ಉಲ್ಟಾ!" ಎಂದು ಕೂಗಿದರೆ ಡಿಪೋದ ಆ ತುದಿಯಲ್ಲಿದ್ದ ಮಾಮ ತಲೆ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಕೆಮ್ಮು ಶುರುವಾದದ್ದು ಬಸ್ಸು ತಿರುಗಿಸಿದ ವರ್ಷದ ಚಳಿಯಲ್ಲಿ. ಮೊದಲು ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಚಳಿಗೆ ಮಕ್ಕಳು ಕೆಮ್ಮುತ್ತವೆ. ಚಳಿ ಹೋಯಿತು, ಕೆಮ್ಮು ಹೋಗಲಿಲ್ಲ. ರಾತ್ರಿ ಮಲಗಿದರೆ ಎದೆಯೊಳಗೆ ಬೆಕ್ಕು ಕೂತಹಾಗೆ ಗೊರಗೊರ. ಬೀದಿಯ ಕೊನೆಯಲ್ಲಿ ಒಬ್ಬ ವಯಸ್ಸಾದ ಡಾಕ್ಟರಿದ್ದರು, ಒಳ್ಳೆಯವರು, ಸುಮ್ಮಸುಮ್ಮನೆ ಔಷಧಿ ಕೊಡುವವರಲ್ಲ. ಅವರು ಹಾರ್ನಿನ ಬೆನ್ನಿಗೆ ಕಿವಿಯಿಟ್ಟು ಕೇಳಿ, ಗಲ್ಲ ತಟ್ಟಿ, ಹುಂಜನ ಹೆಂಡತಿಗೆ ಹೇಳಿದರು: "ನೋಡಮ್ಮಾ, ನಮ್ಮ ಮುಖ್ಯರಸ್ತೆ ಇದೆಯಲ್ಲ, ಹಗಲೆಲ್ಲ ಅಲ್ಲಿ ಉಸಿರಾಡೋದೇ ಕಷ್ಟ. ಟ್ರಾಫಿಕ್ ಶುರುವಾಗೋಕೆ ಮುಂಚೆ, ಊರು ಮಲಗಿರುವಾಗ, ಮಗೂನ ಕಿಟಕಿ ಹತ್ರ ಕೂರಿಸಿ ಒಳ್ಳೆ ಗಾಳಿ ಕೊಡಿ. ನೂರು ಔಷಧಿಗೆ ಸಮ ಅದು."

ಟ್ರಾಫಿಕ್ ಶುರುವಾಗುವ ಮುಂಚೆ. ಟ್ರಾಫಿಕ್ ಎಲ್ಲಿಂದ ಶುರುವಾಗುತ್ತದೆ ಎನ್ನುವುದು ಡಾಕ್ಟರಿಗೆ ತಿಳಿದಿರಲಿಲ್ಲ. ತಿಳಿದಿದ್ದ ಮನೆಯವರಿಗೆ ಹೊಳೆಯಲಿಲ್ಲ.

ಹೊಳೆಯುವುದಾದರೂ ಹೇಗೆ? ಹೊಗೆ ಆ ಮನೆಯಲ್ಲಿ ಹೊಗೆಯಾಗಿ ಇರಲೇ ಇಲ್ಲ. ಅದು ಹುಂಜನ ಅಂಗಿಯ ವಾಸನೆ, ತಲೆದಿಂಬಿನ ವಾಸನೆ. ಚಿಕ್ಕವಳಿದ್ದಾಗ ಹಾರ್ನ್ ಅಪ್ಪನ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡರೇ ನಿದ್ದೆ ಹೋಗುತ್ತಿದ್ದದ್ದು. ಅನ್ನದ ವಾಸನೆಗೆ ಹೆದರುವವರುಂಟೆ, ಹಾಗೆ.

ಹೆಂಡತಿ ಹೇಳಿದ್ದನ್ನು ಹೇಳಿದ ಹಾಗೆ ಮಾಡುವವಳು. ಹುಂಜ ಮೆಟ್ಟಿಲಿಳಿದ ಕೂಡಲೇ ಅವಳು ಮಗಳನ್ನು ಎಬ್ಬಿಸಿ, ಶಾಲು ಸುತ್ತಿ, ಕಿಟಕಿಯ ಕಟ್ಟೆಯ ಮೇಲೆ ಕೂರಿಸಿ ಸೊಂಟ ಹಿಡಿದು ನಿಲ್ಲುತ್ತಿದ್ದಳು. "ಉಸಿರು ಎಳ್ಕೋ ಬಂಗಾರ. ಜೋರಾಗಿ. ಇನ್ನೂ ಜೋರಾಗಿ." ಕೆಳಗೆ ಹುಂಜ ಚಿಕ್ಕ ಬಾಗಿಲು ದಾಟಿ ಬಂದು, ತಲೆಯೆತ್ತಿ ನೋಡಿ, ಮುದುಕನ ಒಳಗೆ ಹತ್ತಿ ಸ್ಟಾರ್ಟ್ ಮಾಡುತ್ತಿದ್ದ. ಮಗಳು ನೋಡುತ್ತಿದ್ದಾಳೆಂದು ಆಕ್ಸಿಲರೇಟರನ್ನು ಎರಡು ಸಲ ಒತ್ತಿ ಗರ್ರ್, ಗರ್ರ್ ಅನ್ನಿಸುತ್ತಿದ್ದ. ಅದು ಅಪ್ಪನ ಗುಡ್ ಮಾರ್ನಿಂಗು. ಅವಳು ಕೈ ಬೀಸಿ ನಗುತ್ತಿದ್ದಳು, ನಗುತ್ತ ಕೆಮ್ಮುತ್ತಿದ್ದಳು.

"ಅಪ್ಪಾ, ಬಸ್ಸುಗಳೂ ಕೆಮ್ತಾವಾ?"

"ಬೆಳಿಗ್ಗೆ ಒಂದಿಷ್ಟು ಕೆಮ್ತವೆ. ಗಾಳಿ ತುಂಬಿದ ಮೇಲೆ ಸರಿಹೋಗ್ತವೆ."

"ನಂಗೂ ಗಾಳಿ ತುಂಬಿದ್ರೆ ಸರಿಹೋಗುತ್ತಾ?"

"ಹೂಂ ಮತ್ತೆ. ಅದಕ್ಕೇ ಅಲ್ವಾ ಅಮ್ಮ ನಿನ್ನ ಕಿಟಕೀಲಿ ಕೂರಿಸೋದು."

ಒಂದು ದಿನವೂ ತಪ್ಪಿಸಲಿಲ್ಲ. ಹೆಂಡತಿಗೆ ಜ್ವರ ಬಂದ ದಿನ ಕೂಡ ಗೋಡೆಗೆ ಒರಗಿ ನಿಂತು ಮಗಳ ಸೊಂಟ ಹಿಡಿದಿದ್ದಳು.

ಆಸ್ಪತ್ರೆ ಸೇರಿದಾಗ ಹಾರ್ನಿನ ಪಕ್ಕೆಲುಬುಗಳು ಉಸಿರಿಗೊಮ್ಮೆ ಒಳಗೆ ಎಳೆದುಕೊಳ್ಳುತ್ತಿದ್ದವು. ಮಕ್ಕಳ ವಾರ್ಡಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ನಿದ್ದೆಗೆಟ್ಟು ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ತೆಳ್ಳನೆಯ ನಳಿಕೆ ಹಾಕಿ ಕಫ ತೆಗೆದಳು. ತೆಗೆದದ್ದನ್ನು ಬೆಳಕಿಗೆ ಹಿಡಿದು ನೋಡಿದಳು. ಹಳದಿ ಕಫದಲ್ಲಿ ಕಪ್ಪು ಎಳೆಗಳು.

"ಮನೇಲಿ ಯಾರಾದ್ರೂ ಸಿಗರೇಟ್ ಸೇದ್ತಾರಾ?"

"ಇಲ್ಲ" ಎಂದ ಹುಂಜ.

"ಸೌದೆ ಒಲೆ?"

"ಇಲ್ಲ, ಗ್ಯಾಸು."

"ಮತ್ತೆ ಇಷ್ಟು ಮಸಿ ಎಲ್ಲಿಂದ ಬಂತು?"

ಹೆಂಡತಿ ಸ್ವಲ್ಪ ಬಿಗಿಯಾಗಿಯೇ ಹೇಳಿದಳು. ಮಗುವನ್ನು ಸರಿಯಾಗಿ ನೋಡಿಕೊಂಡಿಲ್ಲ ಎಂದು ಯಾರಾದರೂ ಅಂದುಕೊಂಡರೆ ಅವಳಿಗೆ ಆಗುತ್ತಿರಲಿಲ್ಲ. "ನಾವು ದಿನಾ ಬೆಳಗಿನ ಗಾಳಿ ಕೊಡ್ತೀವಿ ಡಾಕ್ಟರಮ್ಮಾ. ಬೆಳಕು ಹರಿಯೋ ಮುಂಚೆ ಕಿಟಕೀಲಿ ಕೂರಿಸ್ತೀನಿ. ಒಂದು ದಿನಾನೂ ತಪ್ಪಿಸಿಲ್ಲ."

"ಒಳ್ಳೇದು. ಕಿಟಕಿ ಯಾವ ಕಡೆಗೆ?"

"ಡಿಪೋ ಕಡೆ..."

ಮಾತು ಪೂರ್ತಿಯಾಗುವ ಮುಂಚೆ ಅವಳಿಗೆ ತನ್ನ ಮಾತು ಕೇಳಿಸಿತು. ಹುಂಜನಿಗೂ ಕೇಳಿಸಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆಮೇಲೆ ಹೊರಗಿನ ಬೆಂಚಿನ ಮೇಲೆ ಡಾಕ್ಟರಮ್ಮ ಹುಂಜನ ಪಕ್ಕ ಕೂತು ಬಿಡಿಸಿ ಹೇಳಿದಳು. "ಕಫದಲ್ಲಿ ಸಿಕ್ಕಿರೋ ಈ ಬ್ಯಾಕ್ಟೀರಿಯಾ ಹೊರಗಿಂದ ಬಂದ ಕಳ್ಳ ಅಲ್ಲ ನೋಡಿ. ಎಷ್ಟೋ ಜನರ ಮೂಗಲ್ಲಿ ಇರ್ತವೆ. ನಿಮ್ಮ ಮೂಗಲ್ಲೂ ಇರಬಹುದು, ನನ್ನ ಮೂಗಲ್ಲೂ ಇರಬಹುದು. ಬಾಡಿಗೆಯವರ ಥರ, ತಮ್ಮ ಪಾಡಿಗೆ ತಾವು. ಮಸಿ ಸೇರ್ತಾ ಹೋದ್ರೆ ಇವುಗಳ ನಡತೆ ಬದಲಾಗುತ್ತೆ. ಒಂದಕ್ಕೊಂದು ಅಂಟ್ಕೊಂಡು ಪದರ ಕಟ್ತವೆ. ಮೂಗಿಂದ ಕೆಳಗೆ ಶ್ವಾಸಕೋಶಕ್ಕೆ ಇಳೀತವೆ. ಪದರದ ಒಳಗೆ ಕೂತಿರೋದಕ್ಕೆ ಔಷಧಿ ಸರಿಯಾಗಿ ತಾಗಲ್ಲ. ಪ್ರಯೋಗ ಮಾಡಿದವರು ಇದನ್ನ ನೋಡಿದ್ದಾರೆ. ನಿಮ್ಮ ಮಗಳಿಗೂ ಆಗಿರೋದು ಇದೇ ಅಂತ ನಾನು ಆಣೆ ಮಾಡಿ ಹೇಳೋಕಾಗಲ್ಲ. ಆದ್ರೆ ಆ ಕಿಟಕಿ ಬೇಡ."

ಹುಂಜನಿಗೆ ಅರ್ಥವಾಯಿತು. ಇಂಜಿನ್ನಿನ ಒಳಗೆ ಇಂಗಾಲ ಪದರ ಕಟ್ಟುವುದನ್ನು ಅವನು ಬೇಕಾದಷ್ಟು ನೋಡಿದ್ದ. ಬಿಚ್ಚಿ ಕೆರೆದರೆ ಹೋಗುತ್ತದೆ.

"ಕೆರೆದು ತೆಗೆಯೋಕೆ ಆಗಲ್ವಾ ಡಾಕ್ಟರಮ್ಮಾ?"

ಅವಳು ನಗಲಿಲ್ಲ. "ಆಗಲ್ಲಪ್ಪ" ಎಂದಳು.

ಹಾರ್ನ್ ಆ ಸಲ ಮನೆಗೆ ಬಂದಳು. ಮೈಯಲ್ಲಿ ಏನೂ ಉಳಿದಿರಲಿಲ್ಲ, ಗಂಟಲಂತೂ ಪಿಸುಮಾತಿಗೆ ಇಳಿದಿತ್ತು. ಮರುದಿನವೇ ಹುಂಜ ಗಾಜಿನ ಕೋಣೆಗೆ ಹೋದ. ಒಳಗೆ ತಂಪು. ಮ್ಯಾನೇಜರ್ ಸಾಹೇಬರು ಕೆಟ್ಟ ಮಾತಾಡುವವರಲ್ಲ, ಕುರ್ಚಿ ತೋರಿಸಿದರು. ಹುಂಜ ಅಂಗಿಯ ಜಿಡ್ಡು ತಾಗೀತೆಂದು ಕೂರಲಿಲ್ಲ.

"ನಿನ್ನ ಮಗಳು ಅಂದ್ರೆ ನನ್ನ ಮಗಳಿದ್ದ ಹಾಗೆ ಕಣಯ್ಯಾ."

"ಹಾಗಾದ್ರೆ ಬಸ್ ತಿರುಗಿಸೋಣ ಸಾರ್. ನಾನೇ ತಿರುಗಿಸ್ತೀನಿ, ನನ್ನ ರಜೆ ದಿನ."

"ತಿರುಗಿಸಿದ್ರೆ ಹೊಗೆ ಎಲ್ಲಿಗೆ ಬರುತ್ತೆ?"

"ಇಲ್ಲಿಗೆ ಸಾರ್."

"ಮತ್ತೆ? ಇಲ್ಲಿಗೆ ದೊಡ್ಡವರೆಲ್ಲ ಬಂದು ಹೋಗ್ತಾರೆ. ಅವರು ಕೂತು ಕೆಮ್ಮೋಕಾಗುತ್ತಾ?"

"ಹೋಗ್ಲಿ, ಪೈಪ್ ಆದ್ರೂ ಹಾಕ್ಸಿ ಸಾರ್. ಸೋರೋದು ನಿಂತ್ರೆ ಅಷ್ಟು ಹೊತ್ತು ಇಂಜಿನ್ ಬಿಡೋದೇ ಬೇಡ. ಹೊರಡೋ ಹೊತ್ತಿಗೆ ಎಬ್ಬಿಸಿದ್ರೆ ಸಾಕು."

"ಬರುತ್ತೆ, ಬರೆದಿದ್ದೀನಿ. ಅಲ್ಲಿವರೆಗೆ ಕಿಟಕಿ ಮುಚ್ಕೊಳ್ಳಿ. ಕಿಟಕಿ ಮುಚ್ಚೋಕೆ ಯಾರ ಅಪ್ಪಣೆನೂ ಬೇಡವಲ್ಲ." ಸಾಹೇಬರು ಫೋನು ಎತ್ತಿಕೊಂಡರು.

ಆ ಸಂಜೆ ಹುಂಜ ಯಾರನ್ನೂ ಕೇಳದೆ ಮುದುಕನನ್ನು ತನ್ನ ಕಿಟಕಿಯ ಕೆಳಗಿನಿಂದ ತೆಗೆದು ಸಾಲಿನ ಇನ್ನೊಂದು ತುದಿಗೆ ಕೊಂಡೊಯ್ದು ನಿಲ್ಲಿಸಿದ. ಎರಡನೆಯ ಬೆಳಿಗ್ಗೆ ಆ ತುದಿಯ ಮನೆಯ ಕಂಡಕ್ಟರ್ ಹೆಂಗಸು, ಟಿಕೆಟ್ ಚೀಲ ಹೆಗಲಿಗೆ ಹಾಕಿಕೊಂಡವಳು, ಅವನ ಹತ್ತಿರ ಬಂದು ನಿಂತಳು. ಯಾವಾಗಲೂ ಅವನನ್ನು ಕೆಣಕಿ ಮಾತಾಡುವವಳು, ಅವತ್ತು ನೆಲ ನೋಡಿಕೊಂಡು ಹೇಳಿದಳು.

"ಅಣ್ಣಾ, ಹಾರ್ನ್‌ಗೆ ಹೇಗಿದೆ ಅಂತ ನಂಗೊತ್ತು. ನಾನು ಹೀಗೆ ಕೇಳಬಾರ್ದು. ಆದ್ರೆ ನನ್ನ ಕೂಸು ಇನ್ನೂ ಮಗುಚಿಕೊಳ್ಳೋಕೆ ಕಲ್ತಿಲ್ಲ. ಅವನ ತೊಟ್ಟಿಲ ಕೆಳಗೇ ತಂದು ನಿಲ್ಲಿಸಿದ್ದೀರಲ್ಲ ಅಣ್ಣಾ."

ಹುಂಜ ತಲೆಯೆತ್ತಿದ. ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದ. ಗೋಡೆಯುದ್ದಕ್ಕೂ ಕಿಟಕಿಗಳು, ಕಿಟಕಿಗಳಲ್ಲಿ ಒಣಹಾಕಿದ ಚಿಕ್ಕ ಚಿಕ್ಕ ಬಟ್ಟೆಗಳು. ಮುದುಕನ ಬಾಲ ತೋರಿಸಬಹುದಾದ ದಿಕ್ಕು ಒಂದೂ ಕಾಣಲಿಲ್ಲ. ಆ ಸಂಜೆ ಅದನ್ನು ತಾನೇ ಓಡಿಸಿಕೊಂಡು ಬಂದು ತನ್ನ ಕಿಟಕಿಯ ಕೆಳಗೆ ನಿಲ್ಲಿಸಿದ. ಇಂಜಿನ್ ಆರಿಸಿದ ಮೇಲೂ ಬಹಳ ಹೊತ್ತು ಕೆಳಗಿಳಿಯಲಿಲ್ಲ.

ಕಿಟಕಿ ಮುಚ್ಚಿದರು. ಹೆಂಡತಿ ಚೌಕಟ್ಟಿನ ಸಂದಿಗಳಿಗೆಲ್ಲ ಒದ್ದೆ ಬಟ್ಟೆ ತುರುಕಿದಳು. ಬೆಳಗಾದರೆ ಬಟ್ಟೆ ಕಪ್ಪು. ಒಗೆದು, ಹಿಂಡಿ, ಮತ್ತೆ ತುರುಕುತ್ತಿದ್ದಳು. ಒಗೆದ ನೀರು ಕೂಡ ಬೇಗ ಬಿಳಿ ತಿರುಗುತ್ತಿರಲಿಲ್ಲ.

ಹಾರ್ನಿಗೆ ಈಗ ಅಪ್ಪ ಕಾಣುತ್ತಿರಲಿಲ್ಲ. ಮಲಗಿದಲ್ಲಿಂದಲೇ ಸದ್ದಿನಲ್ಲಿ ಬಸ್ಸುಗಳನ್ನು ಗುರುತು ಹಿಡಿಯುವುದು ಅವಳ ಹೊಸ ಆಟ. "ಇದು ಗೊಗ್ಗರ ದನಿಯದು. ಇದು ಕುಂಟ. ಇದು ಮಾಮಂದು." ಹುಂಜ ಗರ್ರ್ ಗರ್ರ್ ಅನ್ನಿಸುವುದನ್ನು ನಿಲ್ಲಿಸಿಬಿಟ್ಟಿದ್ದ. ಒಂದು ದಿನ ಅವನು ತಿಂಡಿಗೆ ಮನೆಗೆ ಬಂದಾಗ ಕೇಳಿದಳು, ಆ ಹೊಸ ಪಿಸುದನಿಯಲ್ಲಿ:

"ಅಪ್ಪಾ, ನನ್ನ ಮೇಲೆ ಕೋಪಾನಾ?"

"ಯಾಕೆ ಬಂಗಾರ?"

"ಗುಡ್ ಮಾರ್ನಿಂಗ್ ಹೇಳೋದೇ ಇಲ್ಲ ನೀನು."

"ಮುದುಕನಿಗೆ ಗಂಟಲು ಕಟ್ಟಿದೆ ಕಣೇ. ಕೂಗೋಕಾಗಲ್ಲ."

"ನನ್ನ ಥರಾನಾ?"

"ಹೂಂ. ನಿನ್ನ ಥರಾನೇ."

ಅವಳಿಗೆ ಸಮಾಧಾನವಾಯಿತು. ಹುಂಜ ತಟ್ಟೆಯನ್ನು ಹಾಗೇ ಬಿಟ್ಟು ಎದ್ದುಹೋದ.

ಎರಡನೆಯ ಸಲ ಆಸ್ಪತ್ರೆಗೆ ಹೋದಾಗ ಔಷಧಿ ಬದಲಿಸಿದರು, ಮತ್ತೆ ಬದಲಿಸಿದರು. ಮೂಗಿಗೆ ಆಕ್ಸಿಜನ್ ಕೊಳವೆ. ಹಾಸಿಗೆಯ ತಲೆದೆಸೆಯ ಗೋಡೆಯಲ್ಲಿ ಒಂದು ಗಾಜಿನ ನಳಿಕೆ, ಅದರೊಳಗೆ ಗಾಳಿಯ ಮೇಲೆ ತೇಲುವ ಪುಟ್ಟ ಗುಂಡು. ಪಕ್ಕದಲ್ಲಿ ಅಂಕಿ ತೋರಿಸುವ ಪೆಟ್ಟಿಗೆ. ಹುಂಜನ ಕಣ್ಣು ಅವೆರಡನ್ನು ಬಿಟ್ಟು ಕದಲುತ್ತಿರಲಿಲ್ಲ. ಇಡೀ ಆಯುಷ್ಯ ಅವನು ಮಾಡಿದ್ದು ಅದನ್ನೇ ಅಲ್ಲವೆ, ಮುಳ್ಳು ಮೇಲೇರುವುದನ್ನು ನೋಡುತ್ತ ಕೂರುವುದು. "ಎಷ್ಟಕ್ಕೆ ಬಂದ್ರೆ ಹಸಿರು ಸಿಸ್ಟರ್?" ಎಂದು ನರ್ಸನ್ನು ಕೇಳಿದ. ನರ್ಸಿಗೆ ಅರ್ಥವಾಗಲಿಲ್ಲ. ಮಗಳಿಗೆ ಅರ್ಥವಾಯಿತು.

"ಅಪ್ಪಾ, ಇದು ಯಾವಾಗ ಟುಸ್ ಅನ್ನುತ್ತೆ?"

"ತುಂಬಿದ ಮೇಲೆ."

"ಇನ್ನೂ ತುಂಬ್ಲಿಲ್ವಾ?"

"ತುಂಬ್ತಾ ಇದೆ ಬಂಗಾರ. ಇನ್ನೊಂಚೂರು."

"ನಾನು ಮುದುಕನಿಗಿಂತ ಜಾಸ್ತಿ ಸೋರ್ತೀನಾ?"

ಹೆಂಡತಿ ಎದ್ದು ಕಾರಿಡಾರಿಗೆ ಹೋದಳು.

ಹುಂಜ ಸಾಹೇಬರ ಹತ್ತಿರ ರಜೆ ಕೇಳಿದ್ದ. "ಬಸ್ಸೆಲ್ಲ ಎಬ್ಬಿಸಿ ಹೋಗಯ್ಯಾ, ಆಸ್ಪತ್ರೆ ಎಲ್ಲಿಗೂ ಓಡಿಹೋಗಲ್ಲ" ಎಂದಿದ್ದರು. ಹಾಗಾಗಿ ಆ ಬೆಳಿಗ್ಗೆ ಅವನು ಡಿಪೋದಲ್ಲಿದ್ದ. ಮುದುಕ ಎದ್ದಿತ್ತು, ಸಾಲಿನ ಅರ್ಧ ಎದ್ದಿತ್ತು, ಹೊಗೆ ಗೋಡೆ ಹತ್ತಿ ಕಿಟಕಿಗಳನ್ನು ಮುಟ್ಟುತ್ತಿತ್ತು. ಇಂಜಿನ್ನುಗಳ ಸದ್ದಿನಲ್ಲಿ ಅವನಿಗೆ ಫೋನು ಕೇಳಿಸಲಿಲ್ಲ. ಕಾವಲುಗಾರ ಓಡಿ ಬಂದು ತೋಳು ಹಿಡಿದು ಹೇಳಿದ. ಮಾಮ ಅವನನ್ನು ತನ್ನ ಬಸ್ಸಿಗೆ ಎಳೆದು ಕೂರಿಸಿಕೊಂಡು ಹೊರಟ. ಸ್ಟಾಪುಗಳಲ್ಲಿ ಜನ ಕೈ ಅಡ್ಡ ಹಿಡಿದು ಬೈದರು, ಒಂದು ಕಡೆಯೂ ನಿಲ್ಲಿಸಲಿಲ್ಲ. ದಾರಿಯುದ್ದಕ್ಕೂ ಹಾರ್ನ್ ಮಾತ್ರ ಒತ್ತಲಿಲ್ಲ ಮಾಮ. ಅವನ ಕೈ ಅದರ ಮೇಲೆ ಹೋಗಲೊಲ್ಲದು.

ಹುಂಜ ವಾರ್ಡಿಗೆ ಬಂದಾಗ ಪೆಟ್ಟಿಗೆಯ ಅಂಕಿಗಳನ್ನು ಆರಿಸಿದ್ದರು. ಗಾಜಿನ ನಳಿಕೆಯಲ್ಲಿ ಗುಂಡು ತಳಕ್ಕೆ ಬಿದ್ದಿತ್ತು.

ಎಲ್ಲ ಮುಗಿಸಿ ಬಂದ ಮೇಲೆ ಆ ಮನೆಯಲ್ಲಿ ಹಲವು ದಿನ ಒಂದೇ ಜಗಳ. "ನಾನೇ ಕೂರಿಸಿದ್ದು ರೀ. ಜೋರಾಗಿ ಎಳ್ಕೋ ಅಂತ ನಾನೇ ಅಂದದ್ದು. ಸಾಕು ಅಂದ್ರೂ ಬಿಡ್ಲಿಲ್ಲ ನಾನು."

"ನೀನು ಏನು ಮಾಡ್ದೆ? ಹೊಗೆ ಬಿಟ್ಟವನು ನಾನು. ಗರ್ರ್ ಅನ್ನಿಸಿ ಅನ್ನಿಸಿ ಬಿಟ್ಟೆ."

"ನೀವು ಸುಮ್ನಿರಿ. ಹೆತ್ತವಳಿಗೆ ಗೊತ್ತಾಗ್ಬೇಕಿತ್ತು."

"ಬಸ್ ತಿರುಗಿಸಿ ನಿಲ್ಸಿದ್ದು ಯಾರು ಮತ್ತೆ? ನಿನಗೆ ತೋರ್ಸಿದ್ನಲ್ಲ, ಸ್ಕೇಲ್ ಇಟ್ಟ ಹಾಗಿದೆ ಅಂತ."

ಒಂದೇ ಕಂಬಳಿಯನ್ನು ಇಬ್ಬರು ಎಳೆದಾಡಿದ ಹಾಗೆ ತಪ್ಪನ್ನು ಎಳೆದಾಡಿದರು, ತನಗೇ ಇರಲಿ ಎಂದು ಒಬ್ಬರು, ತನಗೇ ಇರಲಿ ಎಂದು ಇನ್ನೊಬ್ಬರು. ನನಗೂ ಒಂದು ಪಾಲಿದೆ ಎಂದು ಮೂರನೆಯವರು ಯಾರೂ ಬಾಗಿಲು ತಟ್ಟಲಿಲ್ಲ. ಗಾಜಿನ ಕೋಣೆಯಿಂದ ಒಂದು ಹೂವಿನ ಗುಚ್ಛ ಬಂತು. ಹೆಂಡತಿ ಅದನ್ನು ಮೆಟ್ಟಿಲಿನ 	ಮೇಲೆಯೇ ಇಟ್ಟಳು, ಒಳಗೆ ತರಲಿಲ್ಲ. ಸಂದಿಗಳಿಗೆ ಒದ್ದೆ ಬಟ್ಟೆ ತುರುಕುವುದನ್ನು ಮಾತ್ರ ಅವಳು ಬಿಡಲಿಲ್ಲ. ಯಾರಿಗಾಗಿ ಎಂದು ಹುಂಜ ಕೇಳಲಿಲ್ಲ.

ಮುಚ್ಚಿದ ಕಿಟಕಿಯ ಹಿಂದೆ ಮಲಗಿ ಅವನು ಬೆಳಗಿನ ಹೊತ್ತು ಕೇಳಿಸಿಕೊಳ್ಳುತ್ತಿದ್ದ. ಅವನ ಬದಲಿಗೆ ಇನ್ಯಾರೋ ಎಬ್ಬಿಸುತ್ತಿದ್ದರು. ಇದು ಗೊಗ್ಗರ ದನಿಯದು. ಇದು ಕುಂಟ. ಇದು ಮಾಮಂದು. ಒಂದು ಬೆಳಿಗ್ಗೆ ಎಲ್ಲ ಸದ್ದುಗಳ ನಡುವೆ ಇನ್ನೊಂದು ಕೇಳಿಸಿತು. ಸಾಲಿನ ಆ ತುದಿಯಿಂದ, ಸಣ್ಣದು, ಒಣಗಿದ್ದು. ಕಂಡಕ್ಟರ್ ಹೆಂಗಸಿನ ಕೂಸು ಕೆಮ್ಮುತ್ತಿತ್ತು.

ಅದೇ ದಿನ ಮ್ಯಾನೇಜರ ಫೋನು ಬಂತು. "ಕೆಲಸಕ್ಕೆ ಬಾರಯ್ಯಾ. ಮನೇಲಿ ಕೂತ್ರೆ ಕೊರಗು ಜಾಸ್ತಿ. ಇಲ್ಲಿ ನಿನ್ನ ಹಾಗೆ ಸಾಲು ಹಿಡಿಸೋರು ಯಾರೂ ಇಲ್ಲ."

ಹುಂಜ ಹೋದ. ಸಂಜೆಯಿಂದ ಬಸ್ಸುಗಳು ಒಂದೊಂದೇ ಒಳಗೆ ಬಂದಂತೆ ಎಂದಿನ ಹಾಗೆ ಗೋಡೆಗೆ ಬಾಲ ಕೊಟ್ಟು ನಿಲ್ಲಿಸಿದ. ಕೊನೆಗೆ ಬಂದದ್ದು ಮುದುಕ. ಅದನ್ನು ಸಾಲಿಗೆ ಸೇರಿಸಲಿಲ್ಲ. ದೊಡ್ಡ ಗೇಟಿಗೆ ಅಡ್ಡಲಾಗಿ ನಿಲ್ಲಿಸಿ, ಇಂಜಿನ್ ಆರಿಸಿ, ಮನೆಗೆ ಹೋಗಿ ಮಲಗಿದ. ಕಾವಲುಗಾರ ಏನೋ ಕಾರಣವಿರಬೇಕೆಂದು ಸುಮ್ಮನಾದ. ಮುದುಕ ತನ್ನ ಅಭ್ಯಾಸದ ಹಾಗೆ ರಾತ್ರಿಯೆಲ್ಲ ಸೋರಿತು. ಬೆಳಗಾಗುವಷ್ಟರಲ್ಲಿ ಬ್ರೇಕು ಚಕ್ರಗಳನ್ನು ಕಚ್ಚಿ ಹಿಡಿದಿತ್ತು.

ಡ್ರೈವರುಗಳು ಬಂದಾಗ ಡಿಪೋ ನಿಶ್ಶಬ್ದ. ಒಂದೂ ಬಸ್ಸು ಎದ್ದಿಲ್ಲ. ಹುಂಜ ಗೇಟಿನಲ್ಲಿ ಮುದುಕನ ಸೀಟಿನ ಮೇಲೆ ಕೈ ಕಟ್ಟಿ ಕೂತಿದ್ದ.

"ಏನೋ ಇದು, ಹುಂಜ ಕೂಗೋದು ಮರೆತುಹೋಯ್ತಾ?" ಎಂದು ಯಾರೋ ಹಿಂದಿನಿಂದ ನಕ್ಕರು. ಪಕ್ಕದವನು ಅವನ ಕಾಲು ತುಳಿದ. ನಗು ಅಲ್ಲೇ ನಿಂತಿತು.

ಮಾಮ ಗಾಡಿಯ ಸುತ್ತ ಒಂದು ಸುತ್ತು ಬಂದ. ಗೇಟಿನ ಪಕ್ಕದಲ್ಲೇ ಗಾಜಿನ ಕೋಣೆ. ಮುದುಕನ ಬಾಲ ನೇರವಾಗಿ ಅದರ ಕಿಟಕಿಗಿತ್ತು. ಮಾಮನ ಮುಖ ಅರಳಿತು. ಡ್ರೈವರ್ ಬಾಗಿಲಿಗೆ ಬಂದು ದನಿ ತಗ್ಗಿಸಿ ಹೇಳಿದ: "ಈಗ ಗೊತ್ತಾಯ್ತು ನಿನ್ನ ಲೆಕ್ಕ. ಹಾಕು ಸ್ಟಾರ್ಟು. ಗಾಳಿ ತುಂಬೋವರೆಗೂ ಬಿಡು, ಗರ್ರ್ ಅನ್ನಿಸಿ ಬಿಡು. ಒಂದು ದಿನ ಅವ್ರೂ ಕುಡೀಲಿ."

"ಅವ್ರು ಒಳಗಿಲ್ಲ ಮಾಮ" ಎಂದ ಹುಂಜ. "ಅಲ್ಲಿರೋದು ಅಜ್ಜಿ."

ಮಾಮ ತಿರುಗಿ ನೋಡಿದ. ಗಾಜಿನ ಹಿಂದೆ ಕಸ ಗುಡಿಸುವ ಅಜ್ಜಿ ಬಕೆಟ್ಟು ಇಟ್ಟುಕೊಂಡು ನೆಲ ಒರೆಸುತ್ತಿದ್ದಳು. ಆ ಹೊತ್ತಿನಲ್ಲಿ ಆ ಕೋಣೆಯಲ್ಲಿರುತ್ತಿದ್ದವಳು ಯಾವತ್ತೂ ಅವಳೊಬ್ಬಳೇ.

ಅಷ್ಟರಲ್ಲಿ ಕಾವಲುಗಾರನ ಫೋನಿಗೆ ಎದ್ದು ಬಂದ ಮ್ಯಾನೇಜರ ಕಾರು ಗೇಟಿನ ಹೊರಗೆ ನಿಂತಿತು. ಒಳಗೆ ಬರಲು ದಾರಿಯಿಲ್ಲ. ಇಳಿದು, ಬಂಪರಿಗೂ ಗೇಟಿನ ಕಂಬಕ್ಕೂ ನಡುವಿನ ಸಂದಿಯಲ್ಲಿ ಅಡ್ಡಡ್ಡ ತೂರಿಕೊಂಡು ಬಂದರು. ಕೋಟಿಗೆ ಮಸಿ ಹತ್ತಿತು.

"ಏನಯ್ಯಾ ಇದು? ಸ್ಟಾಪಲ್ಲಿ ಜನ ಕಾಯ್ತಿದ್ದಾರೆ. ಸ್ಟಾರ್ಟ್ ಮಾಡು."

"ಪೈಪ್ ಹಾಕ್ಸಿ ಸಾರ್."

"ಹಾಕ್ಸೋಣ. ಮೊದ್ಲು ಇದನ್ನ ತೆಗಿ."

"ಸೋರೋ ಗಾಡಿ ಒಂದನ್ನೂ ಇನ್ನು ನಾನು ಎಬ್ಬಿಸಲ್ಲ ಸಾರ್. ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ."

ಸಾಹೇಬರು ಸುತ್ತ ನಿಂತವರನ್ನು ನೋಡಿದರು. ದನಿ ಮೆತ್ತಗೆ ಮಾಡಿಕೊಂಡರು. "ನೋಡು, ನಿನ್ನ ಸಂಕಟ ನಂಗೆ ಅರ್ಥ ಆಗುತ್ತೆ. ಮಗು ಹೋಯ್ತು. ಬಸ್ ನಿಲ್ಸಿದ್ರೆ ಮಗು ವಾಪಸ್ ಬರುತ್ತಾ?"

"ಇಲ್ಲ ಸಾರ್."

"ಮತ್ತೆ?"

ಕಂಡಕ್ಟರ್ ಹೆಂಗಸು ಗುಂಪಿನ ಅಂಚಿನಲ್ಲಿ ನಿಂತಿದ್ದಳು, ಒಂದು ಹೆಗಲಿಗೆ ಟಿಕೆಟ್ ಚೀಲ, ಇನ್ನೊಂದರ ಮೇಲೆ ಕೂಸು. ಹುಂಜ ಅವಳ ಕಡೆ ಕೈ ತೋರಿಸಲಿಲ್ಲ, ಹೆಸರೂ ಎತ್ತಲಿಲ್ಲ. ಕೂಸು ತಾನಾಗಿಯೇ ಕೆಮ್ಮಿತು. ಅಷ್ಟು ನಿಶ್ಶಬ್ದದಲ್ಲಿ ಅದು ಎಲ್ಲರಿಗೂ ಕೇಳಿಸಿತು. ಇಂಜಿನ್ನುಗಳು ಓಡುತ್ತಿದ್ದ ಬೆಳಗುಗಳಲ್ಲಿ ಇದು ಹುಂಜನ ಹೊರತು ಯಾರಿಗೂ ಕೇಳಿಸಿಯೇ ಇರಲಿಲ್ಲ.

"ಸರಿ. ಇಳಿ ಕೆಳಗೆ" ಎಂದರು ಸಾಹೇಬರು. "ಬೇರೆ ಯಾರಾದ್ರೂ ಎಬ್ಬಿಸ್ತಾರೆ. ನಿನಗೆ ಕೆಲಸ ಬೇಡ ಅಂದ್ರೆ ಬಿಟ್ಟು ಹೋಗು. ಕ್ವಾರ್ಟರ್ಸೂ ಬಿಡು. ಇಳಿ ಅಂದೆ."

ಡಿಪೋದ ಆ ಕೊನೆಯಲ್ಲಿ ಕಿರ್ ಎಂದಿತು. ಹುಂಜ ಕನ್ನಡಿಯಲ್ಲಿ ನೋಡಿದ. ಸಾಲು ನಿಂತ ಬಸ್ಸುಗಳ ಮೇಲೆ, ಗೋಡೆಯ ಆಚೆ, ಮೊದಲ ಮಹಡಿಯಲ್ಲಿ, ಹೆಂಡತಿ ಸಂದಿಗಳ ಬಟ್ಟೆ ಕಿತ್ತು ಕಿಟಕಿ ತೆಗೆಯುತ್ತಿದ್ದಳು. ಎರಡೂ ಬಾಗಿಲು ಗೋಡೆಗೆ ಒರಗುವವರೆಗೆ ತೆಗೆದಳು. ಖಾಲಿ ಕಟ್ಟೆಯ ಮೇಲೆ, ಮಗಳ ಸೊಂಟವಿರುತ್ತಿದ್ದ ಜಾಗದಲ್ಲಿ, ಎರಡು ಕೈ ಊರಿ ನಿಂತಳು.

ಗೇಜಿನ ಮುಳ್ಳು ಕೆಂಪಿನ ತಳದಲ್ಲಿ ಮಲಗಿತ್ತು.

"ಇಳಿಯಲ್ಲ ಸಾರ್" ಎಂದ ಹುಂಜ.